ಇಂಗ್ಲಿಷ್ ತರಗತಿಯಲ್ಲಿ ಅನ್ಯರ ಬದುಕು: ನಾಲ್ಕು ತಾಲ್ಲೂಕುಗಳ ಅನುಭವ

ಬೇರೆ ಪದ್ಧತಿ, ಬೇರೆ ನಂಬಿಕೆ, ಬೇರೆ ಮಾತಿನ ರೀತಿಯಲ್ಲಿ ಬೆಳೆದ ಮನುಷ್ಯನನ್ನು ಅವನ ನೆಲೆಯಲ್ಲಿ ನಿಂತು ಅರಿಯುವುದು, ತನ್ನ ಬದುಕಿನ ರೀತಿಯನ್ನು ಅವನಿಗೆ ತಿಳಿಯುವ ಹಾಗೆ ವಿವರಿಸುವುದು, ಎರಡನ್ನೂ ಒಂದೇ ಅಳತೆಗೋಲಿನಿಂದ ಪರೀಕ್ಷಿಸುವುದು. ಈ ಮೂರೂ ಕೂಡಿದ ಶಕ್ತಿಯನ್ನು ಭಾಷಾಬೋಧನೆಯಲ್ಲಿ ಅಂತರ್‌ಸಾಂಸ್ಕೃತಿಕ ಸಾಮರ್ಥ್ಯ ಎಂದು ಕರೆಯುತ್ತಾರೆ. ಬ್ರಿಟಿಷ್ ವಿದ್ವಾಂಸ ಮೈಕೆಲ್ ಬೈರಮ್ 1997ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ಐದು ಅಂಗಗಳನ್ನು ಗುರುತಿಸಿದರು: ಕುತೂಹಲ ಮತ್ತು ಮುಕ್ತ ಮನಸ್ಸು, ತನ್ನ ಮತ್ತು ಇತರರ ಸಮಾಜದ ತಿಳಿವಳಿಕೆ, ಅರ್ಥೈಸಿ ಹೋಲಿಸುವ ಕೌಶಲ, ಹೊಸದನ್ನು ಕಂಡುಕೊಂಡು ಒಡನಾಡುವ ಕೌಶಲ, ಮತ್ತು ತನ್ನದನ್ನೂ ಬಿಡದೆ ಪ್ರಶ್ನಿಸುವ ವಿಮರ್ಶೆಯ ಎಚ್ಚರ. ವ್ಯಾಕರಣ, ಶಬ್ದಸಂಪತ್ತು, ಉಚ್ಚಾರಣೆಗಳಷ್ಟೇ ಈ ಐದೂ ಭಾಷೆ ಕಲಿಯುವವರಿಗೆ ಅಗತ್ಯ.

ಈ ಸಾಮರ್ಥ್ಯ ಬೆಳೆಸಲು ಮಾಹಿತಿಯ ಪಾಠಗಳಿಗಿಂತ ಕಥೆ, ಕವಿತೆ, ನಾಟಕಗಳು ಹೆಚ್ಚು ಒದಗುತ್ತವೆ. ನೈಜೀರಿಯಾದ ರಾಜಧಾನಿ ಯಾವುದು, ಅಲ್ಲಿಯ ಬೆಳೆ ಯಾವುದು ಎಂಬುದು ಗೊತ್ತಾದ ಮಾತ್ರಕ್ಕೆ ಅಲ್ಲಿಯ ಒಬ್ಬ ಹಳ್ಳಿಗ ಯಾವುದಕ್ಕೆ ಹೆದರುತ್ತಾನೆ, ಯಾರ ಮುಂದೆ ನಾಚುತ್ತಾನೆ ಎಂಬುದು ತಿಳಿಯುವುದಿಲ್ಲ. ಕಥೆಯಲ್ಲಾದರೆ ಅದೇ ಹಳ್ಳಿಗ ಒಂದು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಹೊರಬರುವ ದಾರಿ ಹುಡುಕುತ್ತಿರುತ್ತಾನೆ. ಓದುವವರು ಅವನ ಜೊತೆಗೇ ಯೋಚಿಸಬೇಕಾಗುತ್ತದೆ. ಅಮೆರಿಕದ ಲೂಯಿಸ್ ರೋಸೆನ್‌ಬ್ಲಾಟ್ 1938ರಷ್ಟು ಹಿಂದೆಯೇ ಹೇಳಿದಂತೆ, ಓದುಗ ತನ್ನ ಬದುಕಿನ ಅನುಭವವನ್ನು ತಂದು ಕೃತಿಗೆ ಸೇರಿಸಿದಾಗಲೇ ಅರ್ಥ ಹುಟ್ಟುತ್ತದೆ. ಆ ಅನುಭವ ಬೇರೆಯಾದರೆ ಓದೂ ಬೇರೆಯಾಗುತ್ತದೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿದ ಅನುಭವವೇ ಈ ಬರಹದ ಆಧಾರ. ಆ ಅನುಭವ ತೋರಿಸಿಕೊಟ್ಟ ಮುಖ್ಯ ಸಂಗತಿ ಒಂದೇ: ‘ನಮ್ಮಲ್ಲೂ ಹಿಂಗೇ ಐತೆ ಸಾರ್’ ಎಂದು ವಿದ್ಯಾರ್ಥಿ ಹೇಳಿದಾಗ ಪಾಠ ಮುಗಿದಿರುವುದಿಲ್ಲ, ಆಗಷ್ಟೇ ಶುರುವಾಗಿರುತ್ತದೆ. ಹೋಲಿಕೆ ಎಲ್ಲಿಗೆ ನಿಲ್ಲುತ್ತದೆ ಎಂದು ಹುಡುಕಿಸುವುದೇ ಶಿಕ್ಷಕರ ನಿಜವಾದ ಕೆಲಸ.

ತರಗತಿಯಲ್ಲೇ ಇರುವ ಬಹುತನ

ಈ ನಾಲ್ಕು ತಾಲ್ಲೂಕುಗಳನ್ನು ಒಂದೇ ಬಗೆಯ ಗ್ರಾಮೀಣ ಪ್ರದೇಶ ಎಂದು ತಿಳಿಯುವುದು ಸರಿಯಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಚನ್ನಗಿರಿಯ ಮಕ್ಕಳಿಗೆ ಭದ್ರಾ ನಾಲೆ, ಸೂಳೆಕೆರೆ, ಅಡಿಕೆ ತೋಟ ದಿನನಿತ್ಯದ ನೋಟ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆ, ಭತ್ತದ ಗದ್ದೆ. ಜಗಳೂರಿನಲ್ಲಿ ಮಳೆಯನ್ನೇ ನೆಚ್ಚಿದ ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಕೆರೆಗಳಿಗೆ ತುಂಗಭದ್ರೆಯ ನೀರು ಬರುತ್ತದೆಂದು ವರ್ಷಗಟ್ಟಲೆ ಕಾದ ಊರುಗಳು ಅಲ್ಲಿವೆ.

ಭಾಷೆಯೂ ಒಂದಲ್ಲ. ತಾಂಡಾಗಳಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ. ಬಂಜಾರ ಸಮುದಾಯದ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲೇ. ಫೆಬ್ರುವರಿಯ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಭಕ್ತರು ಬರುತ್ತಾರೆ. ಮುಸ್ಲಿಂ ಮನೆಗಳಲ್ಲಿ ದಖನಿ ಉರ್ದು, ಜಗಳೂರಿನ ಕೆಲವು ಮನೆಗಳಲ್ಲಿ ತೆಲುಗು. ಗೊಲ್ಲರಹಟ್ಟಿಯ ಮಗು ಕನ್ನಡವನ್ನೇ ಆಡಿದರೂ ಅದರ ಹಬ್ಬ, ಹರಕೆ, ಕಟ್ಟಳೆಗಳು ಪಕ್ಕದ ಊರಿನವರಿಗೆ ಅಪರಿಚಿತ. ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ಬಗೆಯ ಮದುವೆಯನ್ನು, ಮೂರು ಬಗೆಯ ಊಟವನ್ನು, ಸತ್ತವರನ್ನು ನೆನೆಯುವ ಮೂರು ಕ್ರಮಗಳನ್ನು ಬಲ್ಲವರು.

ಹಾಗಾಗಿ ಅನ್ಯ ಸಂಸ್ಕೃತಿಯ ಅರಿವಿಗೆ ಇಂಗ್ಲೆಂಡಿನವರೆಗೆ ಹೋಗಬೇಕಿಲ್ಲ. ಎರಡು, ಮೂರು ಭಾಷೆಗಳ ನಡುವೆ ಓಡಾಡಿಕೊಂಡಿರುವ ತಾಂಡಾದ ವಿದ್ಯಾರ್ಥಿನಿಗೆ ಎಲ್ಲಿ ಹೇಗೆ ಮಾತಾಡಬೇಕು, ಯಾವುದನ್ನು ಯಾರ ಮುಂದೆ ಹೇಳಬಾರದು ಎಂಬ ವಿವೇಚನೆ ಮೊದಲೇ ಇರುತ್ತದೆ. ಅದು ಕೊರತೆಯಲ್ಲ, ಬಂಡವಾಳ. ಕನ್ನಡವಷ್ಟೇ ಬಲ್ಲ ಸಹಪಾಠಿಗಿಂತ ಆಕೆ ಈ ವಿಷಯದಲ್ಲಿ ಮುಂದಿದ್ದಾಳೆ ಎಂಬುದನ್ನು ಶಿಕ್ಷಕರು ಗುರುತಿಸಿ ಹೇಳಿದಾಗ ಇಂಗ್ಲಿಷ್ ಬಗೆಗಿನ ಅವಳ ಅಂಜಿಕೆ ಬಹುಮಟ್ಟಿಗೆ ಇಳಿಯುತ್ತದೆ.

ಈ ಮಕ್ಕಳು ಮುಂದೆ ಇಂಗ್ಲಿಷನ್ನು ಬಳಸುವುದು ಹೆಚ್ಚಾಗಿ ಇಂಗ್ಲಿಷರ ಜೊತೆಯಲ್ಲ. ಬೆಂಗಳೂರಿನ ಆಸ್ಪತ್ರೆ, ಕಾರ್ಖಾನೆ, ಕಚೇರಿಗಳಲ್ಲಿ ಮಲಯಾಳಿ, ತಮಿಳು, ಬಂಗಾಳಿ, ಮಣಿಪುರಿ ಸಹೋದ್ಯೋಗಿಗಳ ಜೊತೆ ಅದನ್ನು ಬಳಸುತ್ತಾರೆ. ಆದ್ದರಿಂದ ಲಂಡನ್ನಿನ ಚಹಾ ಕೂಟದ ಶಿಷ್ಟಾಚಾರ ಕಲಿಸುವುದು ಅಂತರ್‌ಸಾಂಸ್ಕೃತಿಕ ಶಿಕ್ಷಣವಾಗುವುದಿಲ್ಲ.

ಪಠ್ಯಪುಸ್ತಕ ಕೊಡುವ ಸಾಮಗ್ರಿ

ಇಂಥ ಪಾಠಕ್ಕೆ ಬೇರೆ ಪುಸ್ತಕ ಬೇಕು, ಗ್ರಂಥಾಲಯ ಬೇಕು ಎಂದು ಕಾಯಬೇಕಾಗಿಲ್ಲ. ಸರ್ಕಾರ ಕೊಟ್ಟಿರುವ ಪಠ್ಯದಲ್ಲೇ ಸಾಕಷ್ಟಿದೆ. ಹಲವು ವರ್ಷ ಬಳಕೆಯಲ್ಲಿರುವ ದ್ವಿತೀಯ ಪಿಯುಸಿಯ ‘ಸ್ಪ್ರಿಂಗ್ಸ್’ ಪುಸ್ತಕದಲ್ಲಿ ಷೇಕ್ಸ್‌ಪಿಯರ್, ಯೇಟ್ಸ್ ಜೊತೆಗೆ ರಷ್ಯದ ಟಾಲ್‌ಸ್ಟಾಯ್, ಚಿಲಿಯ ನೆರೂಡ, ಅರ್ಜೆಂಟೀನಾದ ಬೋರ್ಹೆಸ್, ನೈಜೀರಿಯಾದ ಚಿನುವ ಅಚೆಬೆ, ಲೆಬನಾನ್ ಮೂಲದ ಖಲೀಲ್ ಗಿಬ್ರಾನ್ ಇದ್ದಾರೆ. ಕುವೆಂಪು ಮತ್ತು ಲಂಕೇಶರೂ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಪ್ರಥಮ ಪಿಯುಸಿಯ ‘ಬಿಯಾಂಡ್ ಲೈಫ್’ನಲ್ಲಿ ತೇಜಸ್ವಿ, ಬಷೀರ್, ಫೈಜ್, ವೋಲ್ಗಾ, ಮೂಡ್ನಾಕೂಡು ಚಿನ್ನಸ್ವಾಮಿ ಇದ್ದಾರೆ. ಒಂದು ಕಾಲಕ್ಕೆ ಇಂಗ್ಲಿಷ್ ಪಾಠವೆಂದರೆ ಇಂಗ್ಲೆಂಡಿನ ಪಾಠವೇ ಆಗಿತ್ತು. ಈಗ ಅದು ಹಲವು ದೇಶಗಳ ಜನ ಸೇರುವ ಜಾಗವಾಗಿದೆ.

ಕನ್ನಡಕ್ಕೆ ಇದು ಹೊಸದೂ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯ 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಮಾಡಿದ್ದು ಇದೇ ಕೆಲಸ: ಬೇರೆ ನೆಲದ ಭಾವವನ್ನು ಕನ್ನಡದ ಕಿವಿಗೆ ಒಗ್ಗಿಸಿ, ಆ ಮೂಲಕ ಕನ್ನಡವನ್ನೇ ಹೊಸದಾಗಿ ನೋಡಿದ್ದು. ಸಾಗರದ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ಗೋಪಾಲಕೃಷ್ಣ ಅಡಿಗರು, ಮೈಸೂರಿನಲ್ಲಿ ಕಲಿಸಿದ ಅನಂತಮೂರ್ತಿ, ಶಿವಮೊಗ್ಗ ಮತ್ತು ಬೆಂಗಳೂರಿನಲ್ಲಿ ಕಲಿಸಿದ ಲಂಕೇಶ್ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಲಂಕೇಶರ ಕೊನಗವಳ್ಳಿ ಇರುವುದು ಹೊನ್ನಾಳಿ, ನ್ಯಾಮತಿಗಳಿಗೆ ಅಂಟಿಕೊಂಡ ಶಿವಮೊಗ್ಗ ತಾಲ್ಲೂಕಿನಲ್ಲಿ. ಅವರ ಕಥೆಯನ್ನು ಇಂಗ್ಲಿಷಿನಲ್ಲಿ ಓದುವ ಈ ಭಾಗದ ವಿದ್ಯಾರ್ಥಿಗೆ ತನ್ನ ಸೀಮೆಯ ಬದುಕು ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ಯೋಚನೆ ತಾನಾಗಿ ಬರುತ್ತದೆ.

ನೆಲ ಮತ್ತು ಮರ: ಹೋಲಿಕೆಯಿಂದ ವ್ಯತ್ಯಾಸಕ್ಕೆ

ಹತ್ತನೆಯ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷಿನಲ್ಲಿರುವ ಹ್ವಾನ್ ಸೆಡಿಯೊ ಅವರ ‘ಜಂಟಲ್‌ಮನ್ ಆಫ್ ರಿಯೊ ಎನ್ ಮೆಡಿಯೊ’ ಈ ವಿಧಾನಕ್ಕೆ ತಕ್ಕ ಕಥೆ. ನ್ಯೂ ಮೆಕ್ಸಿಕೊದ ಮುದುಕ ಡಾನ್ ಅನ್ಸೆಲ್ಮೊ ತನ್ನ ಜಮೀನನ್ನು ಅಮೆರಿಕನ್ನರಿಗೆ ಮಾರಲು ಒಪ್ಪುತ್ತಾನೆ. ಅಳತೆ ಮಾಡಿಸಿದಾಗ ಜಮೀನು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚೆಂದು ತಿಳಿದು ಖರೀದಿದಾರರು ಹೆಚ್ಚಿನ ಹಣ ಕೊಡಲು ಬಂದರೆ ಆತ ಬೇಡವೆನ್ನುತ್ತಾನೆ. ಮಾತಾಡಿದ ಬೆಲೆಯೇ ಬೆಲೆ. ಆಮೇಲೆ ಊರ ಮಕ್ಕಳು ದಿನವೂ ತೋಟಕ್ಕೆ ಬಂದು ಆಡತೊಡಗುತ್ತಾರೆ. ಕೇಳಿದರೆ ಅನ್ಸೆಲ್ಮೊ ಹೇಳುವುದು: ತಾನು ಮಾರಿದ್ದು ನೆಲವನ್ನು, ಮರಗಳನ್ನಲ್ಲ. ಊರಲ್ಲಿ ಹುಟ್ಟಿದ ಒಂದೊಂದು ಮಗುವಿನ ಹೆಸರಿನಲ್ಲಿ ಒಂದೊಂದು ಮರ ನೆಟ್ಟಿರುವುದರಿಂದ ಅವು ಆ ಮಕ್ಕಳವು. ಕೊನೆಗೆ ಖರೀದಿದಾರರು ಒಂದೊಂದು ಮರವನ್ನೂ ಅದರ ಒಡೆಯರಿಂದ ಕೊಂಡುಕೊಳ್ಳಬೇಕಾಗುತ್ತದೆ.

ಚನ್ನಗಿರಿ ಕಡೆಯ ಮಕ್ಕಳು ಈ ಕಥೆಗೆ ತಟ್ಟನೆ ಓಗೊಡುತ್ತಾರೆ. ಅಡಿಕೆ ತೋಟವನ್ನು ಖೇಣಿಗೆ ಕೊಡುವುದು ಅವರಿಗೆ ಗೊತ್ತು: ನೆಲ, ಮರ ಒಡೆಯನದು, ಆ ವರ್ಷದ ಫಸಲು ಖೇಣಿದಾರನದು. ಒಂದೇ ತೋಟದಲ್ಲಿ ಎರಡು ಹಕ್ಕುಗಳಿರಬಹುದು ಎಂಬುದನ್ನು ಅವರಿಗೆ ವಿವರಿಸಬೇಕಾಗಿಲ್ಲ. ‘ನಮ್ಮಲ್ಲೂ ಹಿಂಗೇ ಐತೆ’ ಎಂಬ ಮಾತು ಇಲ್ಲಿ ಸಂತೋಷದಿಂದಲೇ ಬರುತ್ತದೆ. ಕಥೆಗೆ ಒಳಹೋಗಲು ಅದು ಬೇಕೇ ಬೇಕು.

ಪಾಠ ಅಲ್ಲಿಗೆ ನಿಂತರೆ ಅನ್ಸೆಲ್ಮೊ ಕೂಡ ಒಬ್ಬ ತೋಟದ ಒಡೆಯನಷ್ಟೇ ಆಗಿ ಉಳಿಯುತ್ತಾನೆ. ಮುಂದಿನ ಪ್ರಶ್ನೆ ಕೇಳಬೇಕು: ಖೇಣಿದಾರನಿಗೆ ಹಕ್ಕು ಬಂದದ್ದು ಯಾವುದರಿಂದ? ದುಡ್ಡಿನಿಂದ. ರಿಯೊ ಎನ್ ಮೆಡಿಯೊದ ಮಕ್ಕಳಿಗೆ ಬಂದದ್ದು? ಹುಟ್ಟಿನಿಂದ. ನಮ್ಮ ಹಳೆಯ ಕ್ರಯಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಎಂದು ಎಣಿಸಿ ಬರೆಯುವ ಪದ್ಧತಿ ಶಾಸನಗಳ ಕಾಲದಿಂದಲೂ ಇದೆ. ಅಂದರೆ ನೆಲದ ಜೊತೆ ಮರವೂ ಹೋಗುತ್ತದೆ. ಕಥೆಯಲ್ಲಿಯೂ ಕಾನೂನು ಅದನ್ನೇ ಹೇಳುತ್ತದೆ, ಅನ್ಸೆಲ್ಮೊ ಅದನ್ನು ಅಲ್ಲಗಳೆಯುವುದೂ ಇಲ್ಲ. ಹಾಗಿದ್ದರೆ ಅವನ ಮಾತನ್ನು ಖರೀದಿದಾರರು ಯಾಕೆ ಒಪ್ಪಿದರು? ಈ ಪ್ರಶ್ನೆ ಬಂದಾಗ ತರಗತಿ ಕಾನೂನನ್ನೂ ಮಾತಿನ ಬೆಲೆಯನ್ನೂ ಊರ ಹಿರಿಯನ ಮರ್ಯಾದೆಯನ್ನೂ ಒಟ್ಟಿಗೆ ತೂಗತೊಡಗುತ್ತದೆ. ಕೊಳ್ಳಲು ಬಂದ ಅಮೆರಿಕನ್ನರನ್ನು ಕೆಟ್ಟವರೆಂದು ಮೊದಲು ತೀರ್ಮಾನಿಸಿದ್ದವರು, ಅವರೂ ತಮ್ಮ ರೀತಿಯಲ್ಲಿ ನ್ಯಾಯವಂತರೇ ಎಂದು ಗುರುತಿಸುತ್ತಾರೆ. ಎರಡೂ ಕಡೆಯವರು ಒಳ್ಳೆಯವರಾಗಿದ್ದೂ ಒಬ್ಬರಿಗೊಬ್ಬರು ಅರ್ಥವಾಗದೆ ಹೋಗಬಹುದು ಎಂಬುದು ಹದಿನೈದು ವರ್ಷದ ಮಗುವಿಗೆ ದೊಡ್ಡ ತಿಳಿವಳಿಕೆ.

ಮತ ಮತ್ತು ಆಣೆ: ತೀರ್ಪನ್ನು ತಡೆಹಿಡಿಯುವುದು

ಅಚೆಬೆಯ ‘ದ ವೋಟರ್’ ಮೊದಲು ಪ್ರಕಟವಾದದ್ದು 1965ರಲ್ಲಿ, ನೈಜೀರಿಯಾ ಸ್ವತಂತ್ರವಾಗಿ ಐದು ವರ್ಷವಾದಾಗ. ಸಚಿವ ಮಾರ್ಕಸ್ ಇಬೆಯ ಪರವಾಗಿ ಉಮುವೋಫಿಯಾ ಹಳ್ಳಿಯಲ್ಲಿ ಪ್ರಚಾರ ಮಾಡುವ ರೂಫ್ ಎಂಬ ಯುವಕ ಎದುರು ಪಕ್ಷದಿಂದ ಐದು ಪೌಂಡ್ ಪಡೆದು, ‘ಇಯಿ’ ಎಂಬ ಪವಿತ್ರ ವಸ್ತುವಿನ ಮೇಲೆ ಆಣೆ ಮಾಡುತ್ತಾನೆ. ಮತದಾನದ ದಿನ ಮತಪತ್ರವನ್ನು ಎರಡಾಗಿ ಹರಿದು ಎರಡೂ ಪೆಟ್ಟಿಗೆಗಳಿಗೆ ಒಂದೊಂದು ತುಂಡು ಹಾಕುತ್ತಾನೆ.

ಪಿಯು ವಿದ್ಯಾರ್ಥಿಗಳು ಇನ್ನೇನು ಮೊದಲ ಮತ ಹಾಕುವ ವಯಸ್ಸಿನವರು. ಚುನಾವಣೆಯ ಹಿಂದಿನ ರಾತ್ರಿ ಹಳ್ಳಿಗಳಲ್ಲಿ ಏನು ನಡೆಯಬಹುದು, ದೇವರ ಮುಂದೆ ಮಾಡಿಸುವ ಆಣೆ ಎಂದರೇನು ಎಂಬುದನ್ನು ಅವರು ಕೇಳಿ ಬಲ್ಲರು. ಕಥೆ ಅವರಿಗೆ ಕೂಡಲೇ ಹತ್ತಿರವಾಗುತ್ತದೆ, ಅಷ್ಟೇ ಬೇಗ ತೀರ್ಪೂ ಬರುತ್ತದೆ. ರೂಫ್ ಮೋಸಗಾರ ಎಂದು ಕೆಲವರು, ಜಾಣ ಎಂದು ಕೆಲವರು. ಇನ್ನು ಕೆಲವರದು ‘ಆಫ್ರಿಕಾದವರು ಹೀಗೆಯೇ’ ಎಂಬ ಮಾತು.

ಈ ಹಂತದಲ್ಲಿ ಮೂರು ಕ್ರಮಗಳು ಫಲ ಕೊಟ್ಟಿವೆ. ಮೊದಲನೆಯದು, ತೀರ್ಪು ಹೇಳುವ ಮುಂಚೆ ರೂಫ್‌ನ ಮುಂದೆ ಇದ್ದ ದಾರಿಗಳನ್ನು ಪಟ್ಟಿ ಮಾಡಿಸುವುದು. ಆಣೆ ಮುರಿದರೆ ಜೀವಭಯ, ಮಾರ್ಕಸ್‌ಗೆ ದ್ರೋಹ ಮಾಡಿದರೆ ಸಿಕ್ಕ ಸ್ಥಾನಮಾನದ ನಷ್ಟ, ಹಣ ಹಿಂದಿರುಗಿಸಿದರೆ ಅವಮಾನ. ಪಟ್ಟಿ ಕಣ್ಣೆದುರು ಬಂದಾಗ ‘ಮೋಸಗಾರ’ ಎಂಬ ಒಂದೇ ಮಾತು ಸಾಲದೆಂದು ಅವರಿಗೇ ಅನ್ನಿಸುತ್ತದೆ. ಎರಡನೆಯದು, ಊರ ಹಿರಿಯರ ತರ್ಕವನ್ನು ಅವರ ಬಾಯಿಂದಲೇ ಹೇಳಿಸುವುದು. ತಮ್ಮ ಮತದಿಂದ ಒಬ್ಬ ಮನುಷ್ಯ ಶ್ರೀಮಂತನಾದುದನ್ನು ಕಂಡವರು ಅದಕ್ಕೆ ಬೆಲೆ ಕೇಳುವುದು ಅವರ ದೃಷ್ಟಿಯಲ್ಲಿ ಲೆಕ್ಕಾಚಾರವೇ ಹೊರತು ದಡ್ಡತನವಲ್ಲ. ಹೊಸದಾಗಿ ಬಂದ ಸಂಸದೀಯ ವ್ಯವಸ್ಥೆ ಮತ್ತು ಹಳೆಯ ಊರ ವ್ಯವಸ್ಥೆ ಮುಖಾಮುಖಿಯಾದಾಗ ಇಂಥದ್ದು ಹುಟ್ಟುತ್ತದೆ. ಮೂರನೆಯದು, ಭೂಪಟ. ಆಫ್ರಿಕಾ ಒಂದು ದೇಶವಲ್ಲ, ಐವತ್ತಕ್ಕೂ ಹೆಚ್ಚು ದೇಶಗಳ ಖಂಡ. ನೈಜೀರಿಯಾದಲ್ಲೇ ನೂರಾರು ಭಾಷೆಗಳಿವೆ. ಅಚೆಬೆ ಬರೆದದ್ದು ಇಗ್ಬೊ ಜನರ ಬಗ್ಗೆ. ಇಷ್ಟನ್ನು ತೋರಿಸಿ, ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯ ಕಥೆ ಓದಿದವರು ‘ಏಷ್ಯಾದವರು ಹೀಗೆಯೇ’ ಎಂದರೆ ಒಪ್ಪಬಹುದೇ ಎಂದು ಕೇಳಿದರೆ ಸಾಕು, ಹೆಚ್ಚಿನ ಉಪದೇಶ ಬೇಕಾಗುವುದಿಲ್ಲ.

ಕೊನೆಗೆ ಹೋಲಿಕೆಯ ಮಿತಿಯನ್ನೂ ಹುಡುಕಿಸಬೇಕು. ನಮ್ಮ ಊರ ಆಣೆಗೆ ದೇವಸ್ಥಾನ, ಪೂಜಾರಿ, ತಪ್ಪುಕಾಣಿಕೆಯ ದಾರಿ ಇರುತ್ತದೆ. ರೂಫ್‌ಗೆ ಅಂಥ ಪರಿಹಾರದ ದಾರಿಯನ್ನು ಕಥೆ ತೋರಿಸುವುದಿಲ್ಲ. ಅವನ ಭಯದ ಆಳ ತಿಳಿಯುವುದು ಈ ವ್ಯತ್ಯಾಸ ಕಂಡ ಮೇಲೆಯೇ.

ನೀರು: ಊರೊಳಗಿನ ದೂರ

ತೆಲುಗಿನ ದಲಿತ ಕವಯಿತ್ರಿ ಚಲ್ಲಪಲ್ಲಿ ಸ್ವರೂಪರಾಣಿಯವರ ‘ವಾಟರ್’ ಕವಿತೆಯಲ್ಲಿ ವಿದೇಶವಿಲ್ಲ. ಜಾತಿಯ ಕಾರಣಕ್ಕೆ ನೀರಿಗಾಗಿ ಕಾಯಬೇಕಾದವರ ನೆನಪು, 1927ರ ಮಾರ್ಚ್ 20ರಂದು ಅಂಬೇಡ್ಕರ್ ನಡೆಸಿದ ಮಹಾಡ್ ಚೌದಾರ್ ಕೆರೆಯ ಸತ್ಯಾಗ್ರಹ, 1985ರಲ್ಲಿ ಆಂಧ್ರದ ಕಾರಂಚೇಡಿನಲ್ಲಿ ನಡೆದ ದಲಿತರ ಹತ್ಯಾಕಾಂಡ, ನೀರು ಬಾಟಲಿಯ ಸರಕಾಗಿ ಬದಲಾದದ್ದು ಎಲ್ಲವೂ ಅದರೊಳಗೆ ಬರುತ್ತವೆ. ನಾಲ್ಕೂ ತಾಲ್ಲೂಕುಗಳಲ್ಲಿ ಈ ಕವಿತೆಯಷ್ಟು ಜಾಗರೂಕತೆ ಬೇಡುವ ಪಾಠ ಮತ್ತೊಂದಿಲ್ಲ, ಇದರಷ್ಟು ಅಗತ್ಯವಾದದ್ದೂ ಇಲ್ಲ. ಅನ್ಯ ಸಂಸ್ಕೃತಿಯೆಂದರೆ ಸಮುದ್ರದಾಚೆಯದು ಎಂಬ ಕಲ್ಪನೆಯನ್ನು ಇದು ಒಡೆಯುತ್ತದೆ. ಒಂದೇ ಊರಿನ ಎರಡು ಕೇರಿಗಳ ನಡುವಿನ ದೂರ ಎರಡು ದೇಶಗಳ ನಡುವಿನ ದೂರಕ್ಕಿಂತ ಹೆಚ್ಚಿರಬಹುದು.

ಜಾಗರೂಕತೆಯ ನಿಯಮಗಳು ಅನುಭವದಿಂದ ಬಂದವು. ಯಾವ ವಿದ್ಯಾರ್ಥಿಯನ್ನೂ ಅವರ ಜಾತಿಯ ಪ್ರತಿನಿಧಿಯಾಗಿ ನಿಲ್ಲಿಸಿ ‘ನಿಮ್ಮ ಕೇರಿಯಲ್ಲಿ ಹೇಗೆ’ ಎಂದು ಕೇಳಬಾರದು. ತನ್ನ ನೋವನ್ನು ಹೇಳಬೇಕೇ ಬೇಡವೇ ಎಂಬುದು ಅವರ ಹಕ್ಕು. ಎಲ್ಲರಿಗೂ ಒಂದೇ ಪ್ರಶ್ನೆ ಕೊಡಬೇಕು: ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ, ಬರದ ವರ್ಷ ಏನಾಗುತ್ತದೆ? ಉತ್ತರವನ್ನು ಬರೆಸಿ, ಬರೆದವರ ಒಪ್ಪಿಗೆಯಿಲ್ಲದೆ ಗಟ್ಟಿಯಾಗಿ ಓದಿಸಬಾರದು. ಜಗಳೂರಿನ ಕಡೆ ಹೀಗೆ ಬರೆಸಿದಾಗ ಎಲ್ಲ ಜಾತಿಯ ಹುಡುಗಿಯರ ಬರವಣಿಗೆಯಲ್ಲೂ ಒಂದು ಸಂಗತಿ ಎದ್ದು ಕಾಣುತ್ತದೆ: ಕೊಡ ಹೊರುವವರು ಹೆಂಗಸರೇ. ಜಾತಿಯ ಜೊತೆಗೆ ಹೆಣ್ಣಿನ ದುಡಿಮೆಯ ಪ್ರಶ್ನೆಯೂ ಹೀಗೆ ಒಳಬರುತ್ತದೆ, ಹುಡುಗರೂ ಅದನ್ನು ಎದುರಿಸಬೇಕಾಗುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಿರಬೇಕು. ಎಲ್ಲ ಪದ್ಧತಿಗಳನ್ನೂ ಗೌರವಿಸುವುದೇ ಅಂತರ್‌ಸಾಂಸ್ಕೃತಿಕ ಸಾಮರ್ಥ್ಯ ಎಂದು ಕೆಲವರು ತಿಳಿಯುತ್ತಾರೆ. ಅಸ್ಪೃಶ್ಯತೆ ಗೌರವಿಸಬೇಕಾದ ಪದ್ಧತಿಯಲ್ಲ. ಸಂವಿಧಾನದ 17ನೇ ವಿಧಿ ಅದನ್ನು ರದ್ದುಮಾಡಿದೆ. ಬೈರಮ್ ಹೇಳಿದ ಐದನೆಯ ಅಂಗ, ತನ್ನದನ್ನೂ ಪ್ರಶ್ನಿಸುವ ಎಚ್ಚರ, ಇಲ್ಲದಿದ್ದರೆ ಉಳಿದ ನಾಲ್ಕೂ ಬರಿಯ ಸೌಜನ್ಯವಾಗುತ್ತವೆ.

ನೋಡುವವರು ಮತ್ತು ನೋಡಿಸಿಕೊಳ್ಳುವವರು

ಹಂಗೇರಿಯಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ ಜಾರ್ಜ್ ಮಿಕೇಶ್ ಅವರ ಜಪಾನ್ ಮತ್ತು ಬ್ರೆಜಿಲ್ ಪ್ರವಾಸದ ಬರಹವೂ ‘ಸ್ಪ್ರಿಂಗ್ಸ್’ ಪುಸ್ತಕದಲ್ಲಿದೆ. ಜಪಾನಿನಲ್ಲಿ ಯಾರು ಯಾರಿಗೆ ಎಷ್ಟು ಬಗ್ಗಿ ನಮಸ್ಕರಿಸುತ್ತಾರೆ, ಬ್ರೆಜಿಲಿನಲ್ಲಿ ವಾಹನ ಓಡಿಸುವವರಿಗೂ ಪಾದಚಾರಿಗಳಿಗೂ ನಡುವೆ ಏನು ನಡೆಯುತ್ತದೆ ಎಂಬುದನ್ನು ಅವರು ನಗಿಸುತ್ತಾ ಹೇಳುತ್ತಾರೆ. ವಿದ್ಯಾರ್ಥಿಗಳಿಗೆ ಇದು ಇಷ್ಟವಾಗುತ್ತದೆ. ಆದರೆ ಸ್ವಲ್ಪ ದಿನ ಇದ್ದು ಹೋದ ಪ್ರವಾಸಿಯ ಮಾತನ್ನು ಅವರು ಆ ದೇಶದ ಪೂರ್ತಿ ಚಿತ್ರವೆಂದು ಟಿಪ್ಪಣಿ ಮಾಡಿಕೊಳ್ಳುವ ಸಂಭವ ಹೆಚ್ಚು.

ಇದಕ್ಕೆ ಉತ್ತಮ ಮದ್ದು ದೃಷ್ಟಿಯನ್ನು ತಿರುಗಿಸುವುದು. ಮಿಕೇಶ್ ರೀತಿಯಲ್ಲೇ ಒಬ್ಬ ಪ್ರವಾಸಿ ಚನ್ನಗಿರಿಯ ಅಡಿಕೆ ವ್ಯಾಪಾರವನ್ನೋ ಹೊನ್ನಾಳಿಯ ಸಂತೆಯನ್ನೋ ಸೇವಾಲಾಲ್ ಜಯಂತಿಯನ್ನೋ ಕಂಡು ಬರೆದರೆ ಹೇಗಿರುತ್ತದೆ ಎಂದು ಬರೆಸುವುದು. ಬರೆದದ್ದನ್ನು ಆ ಸ್ಥಳದ, ಆ ಸಮುದಾಯದ ಸಹಪಾಠಿಗಳೇ ಓದಿ ಉತ್ತರಿಸಬೇಕು. ತಾಂಡಾದ ಬಗ್ಗೆ ಹೊರಗಿನವರು ಬರೆದ ನಾಲ್ಕು ಸಾಲಿಗೆ ಅಲ್ಲಿಯ ಹುಡುಗಿ ‘ಅದು ಒಂದು ದಿನದ ವೇಷ, ನಾವು ದಿನಾ ಹಂಗಿರಲ್ಲ’ ಎಂದಾಗ ಇಡೀ ತರಗತಿಗೆ ಮಿಕೇಶ್‌ರ ಬರಹವೂ ಹೊಸದಾಗಿ ಕಾಣುತ್ತದೆ. ಜಪಾನಿನವರು ಇದನ್ನು ಓದಿದರೆ ಏನೆನ್ನುತ್ತಾರೆ ಎಂಬ ಪ್ರಶ್ನೆಯನ್ನು ಆಮೇಲೆ ಶಿಕ್ಷಕರು ಕೇಳಬೇಕಾಗುವುದಿಲ್ಲ, ವಿದ್ಯಾರ್ಥಿಗಳೇ ಕೇಳುತ್ತಾರೆ. ವರ್ಣಿಸಲ್ಪಟ್ಟವರಿಗೆ ಉತ್ತರಿಸುವ ಅವಕಾಶವಿರಬೇಕು ಎಂಬುದು ಈ ಪಾಠದ ಸಾರ.

ತನ್ನದನ್ನು ವಿವರಿಸುವ ಕಲೆ

ಅನ್ಯರನ್ನು ಅರಿಯುವುದು ಅರ್ಧ ಕೆಲಸ. ತನ್ನದನ್ನು ಅನ್ಯರಿಗೆ ಹೇಳುವುದು ಇನ್ನರ್ಧ. ಪ್ರಥಮ ಪಿಯುಸಿಯಲ್ಲಿರುವ ಆರ್.ಕೆ. ನಾರಾಯಣರ ‘ವಾಚ್‌ಮನ್ ಆಫ್ ದ ಲೇಕ್’ ನಾಟಕದಲ್ಲಿ ಊರವರು ದಡ್ಡನೆಂದು ಕರೆಯುವ ಮಾರ, ಕೆರೆ ಒಡೆಯಲು ಹೊರಟ ದೇವಿಯಿಂದ ತಾನು ಮರಳಿ ಬರುವವರೆಗೆ ಕಾಯುವ ಮಾತು ಪಡೆದು, ತಾನು ಮರಳದಂತೆ ಕೊಲ್ಲಿಸಿಬಿಡಿ ಎಂದು ರಾಜನನ್ನು ಬೇಡಿಕೊಳ್ಳುತ್ತಾನೆ. ಸೂಳೆಕೆರೆ ಕಟ್ಟಿಸಿದ ಶಾಂತವ್ವನ ಕಥೆ, ‘ಕೆರೆಗೆ ಹಾರ’ದ ಭಾಗೀರಥಿಯ ಕಥೆ ಕೇಳಿ ಬೆಳೆದವರಿಗೆ ಇದರಲ್ಲಿ ವಿವರಿಸಬೇಕಾದದ್ದೇ ಇಲ್ಲ ಎನ್ನಿಸುತ್ತದೆ.

ಅದಕ್ಕಾಗಿಯೇ ಇಲ್ಲಿ ಕೆಲಸ ತಿರುವುಮುರುವಾಗಬೇಕು. ನಮ್ಮ ಬಗೆಯ ಕೆರೆಯನ್ನು ನೋಡದ ನೈಜೀರಿಯಾದ ಅಥವಾ ಮಣಿಪುರದ ಸಹಪಾಠಿಗೆ ಈ ನಾಟಕವನ್ನು ವಿವರಿಸಲು ಹೇಳಿದರೆ, ಕೆರೆಗೆ ದೇವತೆ ಯಾಕಿರುತ್ತಾಳೆ, ಏರಿಯನ್ನು ಕಾಯಲು ಒಂದು ಮನೆತನ ಯಾಕೆ ಬೇಕು, ಒಬ್ಬರ ಬಲಿಯನ್ನು ಊರು ಯಾಕೆ ಹಾಡಿ ಹೊಗಳುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗುತ್ತದೆ. ಸಹಜವೆಂದುಕೊಂಡದ್ದು ವಿವರಣೆ ಬೇಡುತ್ತದೆ ಎಂದು ತಿಳಿಯುವುದು ಹೀಗೆ. ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ 16ನೇ ಶತಮಾನದ ಪುಷ್ಕರಣಿಯೂ ಒಳ್ಳೆಯ ವಸ್ತು. ಅದರ ಮಂಟಪಗಳಲ್ಲಿ ಹಿಂದೂ ಮತ್ತು ಇಸ್ಲಾಮಿ ವಾಸ್ತುರೀತಿಗಳು ಬೆರೆತ ಬಗೆಯನ್ನು, ಪಕ್ಕದ ಮುಸಾಫಿರ್‌ಖಾನೆಯನ್ನು ಇಂಗ್ಲಿಷಿನಲ್ಲಿ ವರ್ಣಿಸಲು ಹೊರಟವರಿಗೆ ತಮ್ಮ ಊರೇ ಹಲವು ಕೈಗಳ ಸೃಷ್ಟಿ ಎಂಬುದು ಕಾಣುತ್ತದೆ.

ಪಿ. ಸಾಯಿನಾಥ್ ಬರೆದ, ತಮಿಳುನಾಡಿನ ಪುದುಕೋಟೆಯ ಹೆಂಗಸರು 1990ರ ದಶಕದ ಮೊದಲಲ್ಲಿ ಸೈಕಲ್ ಕಲಿತದ್ದರ ಕುರಿತ ಬರಹವೂ ತನ್ನದನ್ನು ವಿವರಿಸುವ ಈ ಕೆಲಸಕ್ಕೆ ಒದಗುತ್ತದೆ. ಎಂಟನೆಯ ತರಗತಿಯವರಿಗೆ 2006–07ರಲ್ಲಿ ಶುರುವಾದ ಸರ್ಕಾರಿ ಸೈಕಲ್ ಯೋಜನೆಯ ಸೈಕಲ್ ಹತ್ತಿ ಶಾಲೆಗೆ ಬಂದ ಅಕ್ಕಂದಿರಿರುವ ಮನೆಗಳಲ್ಲಿ, ಆ ಸೈಕಲ್ಲಿನಿಂದ ಏನು ಬದಲಾಯಿತು ಎಂದು ಅಮ್ಮನನ್ನೂ ಅಕ್ಕನನ್ನೂ ಕೇಳಿ ಬರೆದು ತರುವುದು ಪಾಠಕ್ಕೆ ಸರಿಯಾದ ಮುಂದುವರಿಕೆ.

ಕನ್ನಡದ ಸ್ಥಾನ ಮತ್ತು ಹಿನ್ನೆಲೆಯ ಮಾಹಿತಿ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದ್ದರೂ, ಪಿಯುಸಿಗೆ ಬಂದ ಗ್ರಾಮೀಣ ವಿದ್ಯಾರ್ಥಿಗೆ ಆಣೆ, ಅವಮಾನ, ನ್ಯಾಯಗಳ ಬಗ್ಗೆ ಇಂಗ್ಲಿಷಿನಲ್ಲಿ ಚರ್ಚಿಸುವಷ್ಟು ಹಿಡಿತವಿರುವುದು ಕಡಿಮೆ. ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ಹಠ ಹಿಡಿದರೆ ವಿಚಾರ ಮಗುವಿನ ಮಟ್ಟಕ್ಕೆ ಇಳಿಯುತ್ತದೆ. ಚರ್ಚೆ ಕನ್ನಡದಲ್ಲಿ, ಲಂಬಾಣಿಯಲ್ಲಿ, ಉರ್ದುವಿನಲ್ಲಿ ನಡೆಯಲಿ. ಕೊನೆಯ ಐದಾರು ವಾಕ್ಯಗಳು ಇಂಗ್ಲಿಷಿನಲ್ಲಿ ಬರಲಿ. ಹೇಳಬೇಕಾದದ್ದು ಮೊದಲೇ ಮನಸ್ಸಿನಲ್ಲಿ ಗಟ್ಟಿಯಾಗಿರುವುದರಿಂದ ಆ ವಾಕ್ಯಗಳು ಗೈಡಿನಿಂದ ಇಳಿಸಿದವುಗಳಿಗಿಂತ ಜೀವಂತವಾಗಿರುತ್ತವೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದು ಕರೆದಿರುವುದೂ ಇದಕ್ಕೆ ಬೆಂಬಲ.

ಹಿನ್ನೆಲೆಯ ಮಾಹಿತಿಯನ್ನು ಮೊದಲ ಓದಿಗೆ ಮುಂಚೆ ಕೊಡುವುದಕ್ಕಿಂತ ನಂತರ ಕೊಡುವುದು ಒಳ್ಳೆಯದು. ಮೊದಲು ಓದಿದಾಗ ಹುಟ್ಟುವ ಗೊಂದಲವೇ ಕುತೂಹಲದ ಮೂಲ. ಮುಂಚೆಯೇ ಇಗ್ಬೊ ಸಮಾಜದ ಬಗ್ಗೆ ಅರ್ಧ ಗಂಟೆ ಹೇಳಿದರೆ ವಿದ್ಯಾರ್ಥಿಗಳು ಕಥೆಯನ್ನು ಆ ಮಾಹಿತಿಯ ಉದಾಹರಣೆಯಾಗಿ ಓದುತ್ತಾರೆ. ಕೇಳದಿದ್ದ ಸಂಗೀತ, ಕಾಣದಿದ್ದ ವಸ್ತುಗಳಿಗೆ ಮಾತ್ರ ಈ ನಿಯಮ ಸಡಿಲವಾಗಬೇಕು. ಹತ್ತನೆಯ ತರಗತಿಯ ‘ಜಾಝ್ ಪೊಯೆಮ್ ಟೂ’ ಓದುವ ಮೊದಲು ಸ್ಯಾಕ್ಸೋಫೋನಿನ ಜಾಝ್ ಸಂಗೀತವನ್ನೊಮ್ಮೆ ಮೊಬೈಲಿನಲ್ಲಿ ಕೇಳಿಸಿದರೆ ಎಷ್ಟೋ ವಿವರಣೆ ಉಳಿಯುತ್ತದೆ.

ಮೌಲ್ಯಮಾಪನ

ಪರೀಕ್ಷೆಯಲ್ಲಿ ಹೆಚ್ಚಾಗಿ ಕೇಳುವುದು ಕಥೆಯ ಸಾರಾಂಶ, ಪಾತ್ರದ ಪರಿಚಯ. ಹಾಗಾಗಿ ಈ ಬಗೆಯ ಪಾಠ ಅಂಕಕ್ಕೆ ಉಪಯೋಗವಿಲ್ಲ ಎಂಬ ಆಕ್ಷೇಪ ಪೋಷಕರಿಂದಲೂ ಸಹೋದ್ಯೋಗಿಗಳಿಂದಲೂ ಬರುತ್ತದೆ. ಪಾತ್ರದ ಇಕ್ಕಟ್ಟನ್ನು ಚರ್ಚಿಸಿದವರು ಸಾರಾಂಶವನ್ನೂ ನೆನಪಿಟ್ಟುಕೊಳ್ಳುತ್ತಾರೆ ಎಂಬುದು ತರಗತಿಯಲ್ಲಿ ಕಂಡ ಸಂಗತಿ. ಇದಲ್ಲದೆ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಎರಡರಲ್ಲೂ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ. ಈ ಬರವಣಿಗೆಗಳನ್ನು ಅದಕ್ಕೆ ಪರಿಗಣಿಸಬಹುದು.

ಅಳೆಯುವಾಗ ನಾಲ್ಕು ಸಂಗತಿಗಳನ್ನು ನೋಡಿದರೆ ಸಾಕು. ತೀರ್ಪು ಹೇಳುವ ಮುಂಚೆ ಕೃತಿಯಲ್ಲಿ ಏನಿದೆ ಎಂಬುದನ್ನು ವಿದ್ಯಾರ್ಥಿ ಸರಿಯಾಗಿ ಹೇಳಿದ್ದಾರೆಯೇ? ಪಾತ್ರದ ನಡತೆಗೆ ಪಾತ್ರದ ಲೋಕದಿಂದಲೇ ಕಾರಣ ಕೊಟ್ಟಿದ್ದಾರೆಯೇ? ತನ್ನ ಬದುಕಿನೊಂದಿಗೆ ಹೋಲಿಕೆಯ ಜೊತೆಗೆ ವ್ಯತ್ಯಾಸವನ್ನೂ ಗುರುತಿಸಿದ್ದಾರೆಯೇ? ಪಾತ್ರಕ್ಕೆ ಕೇಳಿದ ಪ್ರಶ್ನೆಯನ್ನು ತನ್ನ ಊರಿಗೂ ಕೇಳಿದ್ದಾರೆಯೇ? ವಿದ್ಯಾರ್ಥಿಯ ನಂಬಿಕೆಗೆ, ಅಭಿಪ್ರಾಯಕ್ಕೆ ಅಂಕ ಕೊಡಬಾರದು. ಕೊಟ್ಟರೆ ಅವರು ಶಿಕ್ಷಕರಿಗೆ ಬೇಕಾದ ಉತ್ತರವನ್ನು ಬರೆಯುವುದನ್ನು ಕಲಿಯುತ್ತಾರೆಯೇ ಹೊರತು ಯೋಚಿಸುವುದನ್ನಲ್ಲ.

ಇಂಥ ಬೋಧನೆಗೆ ಮಿತಿಯೂ ಇದೆ. ಒಂದು ಕಥೆ ಒಂದು ಸಮಾಜವನ್ನು ಪೂರ್ತಿ ತೋರಿಸುವುದಿಲ್ಲ. ಓದು ನೇರ ಒಡನಾಟಕ್ಕೆ ಬದಲಿಯೂ ಅಲ್ಲ. ಪದ್ಯ, ಗದ್ಯ, ವ್ಯಾಕರಣ ಎಲ್ಲವನ್ನೂ ಮುಗಿಸಬೇಕಾದ ವರ್ಷದಲ್ಲಿ ಎಲ್ಲ ಪಾಠಗಳನ್ನೂ ಹೀಗೆ ನಡೆಸಲಾಗದು. ವರ್ಷಕ್ಕೆ ಮೂರು ನಾಲ್ಕು ಕೃತಿಗಳನ್ನು ಆರಿಸಿ, ಅವುಗಳಲ್ಲಿ ದೂರದ್ದೊಂದು, ನೆರೆ ರಾಜ್ಯದ್ದೊಂದು, ಸ್ವಂತ ನೆಲದ್ದೊಂದು ಇರುವಂತೆ ನೋಡಿಕೊಂಡರೆ ಸಾಕಾಗುತ್ತದೆ. ಉಳಿದ ಪಾಠಗಳಿಗೆ ಅದೇ ನಾಲ್ಕು ಪ್ರಶ್ನೆಗಳನ್ನು ವಿದ್ಯಾರ್ಥಿಗಳು ತಾವಾಗಿ ಕೇಳತೊಡಗುತ್ತಾರೆ. ಬೇರೆ ಮಾತಿನ, ಬೇರೆ ಊರಿನ ಜನರ ನಡುವೆ ದುಡಿದು ಬದುಕಬೇಕಾದ ಮಕ್ಕಳಿಗೆ ಇಂಗ್ಲಿಷ್ ತರಗತಿ ಕೊಡಬಹುದಾದ ಅತ್ಯಂತ ಉಪಯುಕ್ತ ಅಭ್ಯಾಸ ಅದು.